‘ಇದೆ’ ಅಂದರೆ ನಗುವುದು ಯಲು?

ನನಗೆ ಎರಡು ನಾಲಗೆಗಳಿವೆ. ಒಂದು ಕಾಲೇಜಿನದು, ಒಂದು ಮನೆಯದು. ಬೆಳಿಗ್ಗೆ ಹೊನ್ನಾಳಿ ಸ್ಟ್ಯಾಂಡಿನಲ್ಲಿ ‘ಸೀಟು ಐತೇನಪ್ಪಾ?’ ಎಂದು ಬಸ್ಸು ಹತ್ತುವವಳು ಹೊಳೆ ಸೇತುವೆ ದಾಟಿ, ಕಿಟಕಿಗೆ ತಲೆ ಕೊಟ್ಟು ಒಂದು ನಿದ್ದೆ ತೆಗೆದು ಚನ್ನಗಿರಿಯಲ್ಲಿ ಇಳಿಯುವಷ್ಟರಲ್ಲಿ ‘ಇಂದು ಮೊದಲನೆಯ ತರಗತಿ ಯಾರದ್ದು ಇದೆ?’ ಎಂದು ಕೇಳುವ ಕನ್ನಡ ಅಧ್ಯಾಪಕಿಯಾಗಿರುತ್ತೇನೆ. ಯಾವ ತಿರುವಿನಲ್ಲಿ ನಾಲಗೆ ಬದಲಾಗುತ್ತದೆಂದು ನನಗೂ ಗೊತ್ತಿಲ್ಲ, ನಿದ್ದೆಯಲ್ಲಿರುತ್ತೇನಲ್ಲ. ಸಂಜೆ ವಾಪಸ್ಸಾಗುವಾಗ ಅದು ತಾನಾಗಿಯೇ ಹಿಂದಿನ ಜಾಗಕ್ಕೆ ಬಂದು ಕೂರುತ್ತದೆ. ಗೋವಿನಕೋವಿಯಿಂದ ನನ್ನ ಅವ್ವ ಬಂದು ನಮ್ಮ ಮನೆಯಲ್ಲಿದ್ದಾಗ ಪ್ರಾಂಶುಪಾಲರ ಫೋನು ಬಂದರೆ ಮಾತ್ರ ಫಜೀತಿ. ನಾನು ಹೊರಗೆ ಹೋಗಿ ಮಾತಾಡಿ ಬಂದರೂ ಅವ್ವ ಬಿಡುವುದಿಲ್ಲ. ‘ಯಾರ್ ಕೂಡ ಮಾತಾಡ್ತಿದ್ದೆ? ನಾನು ಯಾರೋ ರೇಡಿಯೋ ಹಚ್ಯಾರೆ ಅನ್ಕಂಡೆ’ ಅನ್ನುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದಾಗ ಮನೆಯ ನಾಲಗೆಯೇ ಮುಂದೆ ಬರುವುದರಿಂದ ಅವ್ವನಿಗೆ ಸಮಾಧಾನವಾಗುತ್ತದೆ.

ಈ ಏರ್ಪಾಡು ಯಾರಿಗೂ ತೊಂದರೆಯಿಲ್ಲದೆ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಬೇಸಿಗೆ ಸಂಶೋಧನೆಯ ಸುತ್ತೋಲೆ ಬಂತು. ಪದವಿ ವಿದ್ಯಾರ್ಥಿಗಳು ರಜೆಯನ್ನು ವ್ಯರ್ಥ ಮಾಡದೆ ತಮಗೆ ಆಸಕ್ತಿಯಿರುವ ವಿಷಯದಲ್ಲಿ ಒಂದು ಸಂಶೋಧನೆ ಮಾಡಬೇಕಂತೆ. ಅದರಲ್ಲಿ ಒಬ್ಬರನ್ನು ಆರಿಸಿ ಒಂದು ತಿಂಗಳು ದೊಡ್ಡ ವಿದ್ವಾಂಸರ ಶಿಬಿರಕ್ಕೆ ಕಳಿಸುತ್ತಾರಂತೆ. ರಜೆಯನ್ನು ವ್ಯರ್ಥ ಮಾಡುವುದೇ ರಜೆಯ ಉದ್ದೇಶ ಎಂದು ನಂಬಿದ್ದ ನಾವು, ಅಂದರೆ ಅಧ್ಯಾಪಕರು, ಮುಖ ಮುಖ ನೋಡಿಕೊಂಡೆವು. ನಮ್ಮಲ್ಲಿ ಹಲವರು ಕೊನೆಯ ಸಲ ಏನನ್ನಾದರೂ ಶೋಧಿಸಿದ್ದು ಸ್ಟಾಫ್ ರೂಮಿನಲ್ಲಿ ಕಳೆದುಹೋದ ಛತ್ರಿಯನ್ನು. ಪ್ರಾಂಶುಪಾಲರು ಮಾತ್ರ ‘ಮೇಡಂ, ಕನ್ನಡ ಅಂದ್ಮೇಲೆ ಕಷ್ಟ ಏನೈತ್ರಿ, ಅಲ್ಲಲ್ಲ, ಏನಿದೆ? ಮಾರ್ಗದರ್ಶನ ನೀವೇ ಮಾಡಿ’ ಎಂದು ನನ್ನ ತಲೆಗೆ ಕಟ್ಟಿದರು. ಗಮನಿಸಿದಿರಾ, ಅವರಿಗೂ ಎರಡಿವೆ.

ವಿದ್ಯಾರ್ಥಿಗಳನ್ನು ಸೇರಿಸಿ ‘ನಿಮ್ಮ ನಿಮ್ಮ ಶೈಕ್ಷಣಿಕ ಆಸಕ್ತಿ ಏನು?’ ಎಂದು ಕೇಳಿದೆ. ಒಬ್ಬ ‘ಪಾಸಾಗೋದು ಮೇಡಂ’ ಎಂದ. ಇನ್ನೊಬ್ಬಳು ‘ಪೊಲೀಸ್ ಪರೀಕ್ಷೆ’ ಎಂದಳು. ಕತ್ತಲಗೆರೆಯ ಸಂತೋಷ ಮಾತ್ರ ಮೂರನೇ ದಿನಕ್ಕೆ ಸಂಶೋಧನೆಯನ್ನೇ ಮುಗಿಸಿ ತಂದುಬಿಟ್ಟ. ಎಲ್ಲಿಯೋ ಯಾವುದೋ ದ್ವೀಪದ ಬಗ್ಗೆ ಯಾರೋ ಬರೆದದ್ದನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು, ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ, ದ್ವೀಪದ ಹೆಸರಿದ್ದ ಕಡೆಯಲ್ಲೆಲ್ಲ ತನ್ನ ಊರಿನ ಹೆಸರು ಹಾಕಿದ್ದ. ಊರ ಮೇಲಿನ ಅಭಿಮಾನ ಮೆಚ್ಚಬೇಕಾದ್ದೇ. ‘ಕತ್ತಲಗೆರೆಯ ಕಡಲತೀರದಲ್ಲಿ ಉಬ್ಬರವಿಳಿತದ ಪರಿಣಾಮವಾಗಿ ಆಮೆಗಳ ಸಂತತಿ ಕ್ಷೀಣಿಸುತ್ತಿದೆ’ ಎಂದು ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

‘ಸಂತೋಷಾ, ಕತ್ತಲಗೆರೆಯಲ್ಲಿ ಕಡಲು ಎಲ್ಲಿದೆ?’ ಎಂದೆ.

‘ಹುಡುಕಿ ಸೇರಿಸ್ತೀನಿ ಮೇಡಂ’ ಎಂದ. ಪಾಪ, ವಿನಯದ ಹುಡುಗ.

ಇವರೆಲ್ಲರ ನಡುವೆ ನಾಗವೇಣಿ ಇದ್ದಳು. ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ, ಚನ್ನಗಿರಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಮೊದಲ ವರ್ಷ ತರಗತಿಯಲ್ಲಿ ಎದ್ದು ನಿಂತು ‘ಈ ಪದ್ಯದಾಗೆ ಬಾಳ ಚೆಂದ ಅರ್ಥ ಐತೆ ಮೇಡಂ’ ಎಂದಾಗ ಇಡೀ ತರಗತಿ ನಕ್ಕಿತ್ತು. ಬೇರೆ ಹುಡುಗಿಯಾಗಿದ್ದರೆ ಅಳುತ್ತಿದ್ದಳು, ಇಲ್ಲವೇ ಮಾತು ಬಿಡುತ್ತಿದ್ದಳು. ಇವಳು ಎರಡೂ ಮಾಡದೆ ಆ ನಗುವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ. ಈಗ ನನ್ನ ಮೇಜಿನ ಹತ್ತಿರ ಬಂದು ಹೇಳಿದಳು: ‘ಮೇಡಂ, ನಕ್ಕಿದ್ದಕ್ಕೆ ನಂಗೇನು ಬ್ಯಾಸರ ಇಲ್ಲ. ಆದ್ರೆ ನಕ್ಕೋರೂ ಮನೇಲಿ ಐತೆ ಅಂತಾನೇ ಅಂತಾರೆ. ನಮ್ ಕ್ಲಾಸಿನ ತ್ಯಾವಣಿಗೆ ಹುಡುಗ್ರು ಬಸ್ಸಿನಾಗೆ ಹೆಂಗೆ ಮಾತಾಡ್ತಾರೆ ಅಂತ ನಾನು ಕೇಳೀನಿ. ಮತ್ತೆ ನಗೋದು ಯಾಕೆ? ಇದ್ನ ಸಂಶೋಧನೆ ಮಾಡಾಕೆ ಬರ್ತೈತಾ?’

ನಾನು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಯಾರೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ನಾನು ನನಗೇ ಕೇಳಿಕೊಂಡಿರಲಿಲ್ಲ. ‘ಬರುತ್ತದೆ’ ಎಂದೆ, ಕಾಲೇಜಿನ ನಾಲಗೆಯಲ್ಲಿ.

ಅವಳ ವಿಧಾನ ನೋಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಕಡೆಯ ಬಸ್ ಸ್ಟ್ಯಾಂಡಿಗೆ ಹೋಗುವುದು. ಒಂದು ದಿನ ‘ದಾವಣಗೆರೆ ಬಸ್ ಐತಾ?’ ಎಂದು ಕೇಳುವುದು. ಇನ್ನೊಂದು ದಿನ ಅದೇ ಚೂಡಿದಾರ, ಅದೇ ಬ್ಯಾಗು, ‘ದಾವಣಗೆರೆ ಬಸ್ ಇದೆಯಾ?’ ಎಂದು ಕೇಳುವುದು. ಯಾರು ಹೇಗೆ ಉತ್ತರ ಕೊಟ್ಟರು ಎಂದು ಬರೆದಿಟ್ಟುಕೊಳ್ಳುವುದು. ಅಷ್ಟೇ. ನ್ಯಾಮತಿಯಲ್ಲಿ ‘ಐತಾ’ ಎಂದಾಗ ಬೆಂಚಿನ ಮೇಲೆ ಕೂತಿದ್ದ ಯಜಮಾನರು ‘ಐತೆ, ನಿಂದ್ರು, ಬರ್ತತೆ’ ಎಂದರಂತೆ. ‘ಇದೆಯಾ’ ಎಂದ ದಿನ ಅದೇ ಬೆಂಚಿನಲ್ಲಿ ಇನ್ನೊಬ್ಬರು ಟವೆಲು ಎತ್ತಿಕೊಂಡು ಸರಿದು ‘ಇದೆ ಮೇಡಂ, ಕೂತ್ಕಳ್ರಿ’ ಎಂದರಂತೆ. ಜಗಳೂರಿನಲ್ಲಿ, ಅವಳ ಸ್ವಂತ ಸೀಮೆಯಲ್ಲಿ, ‘ಐತಾ’ ಎಂದಾಗ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಮುದುಕಿ ‘ಯಾರ ಮನೇ ಮಗಳವ್ವಾ? ಉಂಡು ಬಂದೀಯಾ?’ ಎಂದು ಕೇಳಿದ್ದಳು. ‘ಇದೆಯಾ’ ಎಂದ ದಿನ ಅಲ್ಲಿಯೇ ಒಬ್ಬಾತ ಎದ್ದು ನಿಂತು ‘ಯಾವ ಆಫೀಸಿನೋರು ಮೇಡಂ? ರೇಷನ್ ಕಾರ್ಡ್ ರದ್ದು ಮಾಡಾಕೆ ಬಂದಿರೇನು?’ ಎಂದು ಗಾಬರಿಯಾಗಿದ್ದ.

ಅರ್ಧ ರಜೆಯನ್ನು ಬಿಸಿಲಲ್ಲಿ ಅಲೆದು ಅವಳು ಕೈಬರಹದಲ್ಲಿ ಬರೆದು ತಂದದ್ದನ್ನು ನಾನು ಊಟ ಮರೆತು ಓದಿದೆ. ಶೀರ್ಷಿಕೆ: ‘ಐತೆ’ ಅಂದರೆ ನಗುವುದು ಯಾಕೆ? ಕೊನೆಯ ವಾಕ್ಯ: ‘ಐತೆ’ ಅಂದರೆ ಸೀಟು ಸಿಗುವುದಿಲ್ಲ, ‘ಇದೆ’ ಅಂದರೆ ಊರು ಸಿಗುವುದಿಲ್ಲ. ಆ ಶಿಬಿರ ಈ ಹುಡುಗಿಗಾಗಿಯೇ ಇಟ್ಟದ್ದು ಎಂದು ನನಗೆ ಖಾತ್ರಿಯಾಯಿತು. ಅವಳಿಗೂ ಅದೊಂದೇ ಆಸೆ. ‘ಅಲ್ಲಿ ಮಾತಿನ ಬಗ್ಗೆನೇ ಓದ್ದೋರು ಇರ್ತಾರಂತೆ ಮೇಡಂ. ಅವರನ್ನ ಕೇಳಿದ್ರೆ ಯಾಕೆ ಅಂತ ಗೊತ್ತಾಗ್ತೈತೆ’ ಎಂದಿದ್ದಳು. ಒಂದಕ್ಷರವನ್ನೂ ಮುಟ್ಟದೆ ‘ಹೀಗೇ ಟೈಪ್ ಮಾಡಿಸು’ ಎಂದೆ.

ನಮ್ಮ ಕಾಲೇಜಿನ ಎದುರಿಗೆ ಹಾಲೇಶನ ಡಿ.ಟಿ.ಪಿ. ಅಂಗಡಿ. ಮದುವೆ ಕರೆಯೋಲೆ, ಗೃಹಪ್ರವೇಶದ ಕಾರ್ಡು, ಅಭಿನಂದನೆಯ ಫ್ಲೆಕ್ಸು ಎಲ್ಲ ಅವನದೇ. ತನ್ನ ಅಂಗಡಿಯಿಂದ ತಪ್ಪು ಕನ್ನಡ ಹೊರಗೆ ಹೋಗಬಾರದು ಎಂಬ ಹಟದವನು. ಒಳ್ಳೆಯವನು ಕೂಡ, ಅದೇ ಕಷ್ಟ. ಶಿಬಿರಕ್ಕೆ ಒಬ್ಬರನ್ನು ಆರಿಸುವ ಸಮಿತಿ ಬರುವ ಹಿಂದಿನ ಸಂಜೆ ಅವನು ಪ್ರತಿಗಳನ್ನು ತಾನೇ ಹೊತ್ತು ತಂದು ಪ್ರಾಂಶುಪಾಲರಿಗೆ ಒಪ್ಪಿಸಿ, ನನಗೊಂದು ಕೊಟ್ಟ. ಹಸಿರು ರೆಕ್ಸಿನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ ಮುದ್ರಿಸಿತ್ತು: ‘ಇದೆ’ ಅಂದರೆ ನಗುವುದು ಯಲು?

‘ಹಾಲೇಶಾ, ಏನಿದು?’ ಎಂದೆ.

‘ಬರೇ ತಪ್ಪೇ ಇದ್ವು ಮೇಡಂ. ಎಲ್ಲಿ ನೋಡಿದ್ರೂ ಐತೆ, ಹೆಂಗೆ, ಮಾಡಾಕೆ. ಕಾಲೇಜಿನ ಪುಸ್ತಕದಾಗೆ ಹಿಂಗಿದ್ರೆ ಮರ್ಯಾದೆ ಐತಾ? ನಮ್ ಹುಡುಗಿ ನಾಕು ಜನರ ಮುಂದೆ ನಗೆಪಾಟಲಾಗ್ಬಾರ್ದು ಅಂತ ಒಂದೇ ಗುಂಡಿ ಒತ್ತಿದೆ ನೋಡ್ರಿ, ಎಲ್ಲಾ ಶುದ್ಧ!’

ನಾನು ಕುರ್ಚಿಯಲ್ಲಿ ಕುಸಿದು ಪುಟ ತಿರುಗಿಸಿದೆ. ‘ಐತೆ’ ಇದ್ದಲ್ಲೆಲ್ಲ ‘ಇದೆ’, ‘ಐತಾ’ ಇದ್ದಲ್ಲೆಲ್ಲ ‘ಇದೆಯಾ’. ‘ಬಸ್ ಇದೆಯಾ ಎಂದು ಕೇಳಿದಾಗ ಏಕವಚನದಲ್ಲಿಯೂ, ಬಸ್ ಇದೆಯಾ ಎಂದು ಕೇಳಿದಾಗ ಬಹುವಚನದಲ್ಲಿಯೂ ಉತ್ತರ ಬಂತು.’ ‘ಹೆಂಗೆ’ ಇದ್ದದ್ದು ‘ಹೇಗೆ’ ಆಗಿತ್ತು. ಅದರ ಜೊತೆಗೆ ‘ನಮ್ಮ ಭಾಗದ ಹೆಂಗೆಳೆಯರು’ ಎಂದಿದ್ದದ್ದು ‘ನಮ್ಮ ಭಾಗದ ಹೇಗೆಳೆಯರು’ ಆಗಿ ಯಾರನ್ನೋ ಕೂಗಿ ಕರೆಯುತ್ತಿರುವಂತೆ ಕೇಳಿಸುತ್ತಿತ್ತು. ‘ಮಾಡಾಕೆ’, ‘ಬರಾಕೆ’ಗಳನ್ನು ‘ಮಾಡಲು’, ‘ಬರಲು’ ಮಾಡಬೇಕೆಂದು, ದೀರ್ಘ ಎಳೆದು ‘ಕೆ’ ಬಂದ ಕಡೆಯಲ್ಲೆಲ್ಲ ದೀರ್ಘವನ್ನೂ ‘ಕೆ’ಯನ್ನೂ ಕಿತ್ತು ‘ಲು’ ಹಾಕು ಎಂದು ಕಂಪ್ಯೂಟರಿಗೆ ಹೇಳಿದ್ದಾನೆ. ಕಂಪ್ಯೂಟರು ಅದೇ ಏಟಿಗೆ ಎಲ್ಲ ‘ಯಾಕೆ’ಗಳನ್ನೂ ‘ಯಲು’ ಮಾಡಿತ್ತು. ‘ಯಾಕೆಂದರೆ’ ಎಂಬುದು ‘ಯಲುಂದರೆ’ ಆಗಿತ್ತು. ಇಡೀ ಸಂಶೋಧನೆಯಲ್ಲಿ ಹುಡುಕಿದರೂ ಒಂದು ‘ಯಾಕೆ’ ಉಳಿದಿರಲಿಲ್ಲ. ಕೊನೆಯ ಪುಟ ನೋಡಿದೆ: ‘ಇದೆ’ ಅಂದರೆ ಸೀಟು ಸಿಗುವುದಿಲ್ಲ, ‘ಇದೆ’ ಅಂದರೆ ಊರು ಸಿಗುವುದಿಲ್ಲ.

ಮೊದಲಿನದನ್ನು ಉಳಿಸಿದ್ದೀಯಾ ಎಂದರೆ ‘ಅದರ ಮೇಲೇ ತಿದ್ದಿದ್ದು ಮೇಡಂ’ ಎಂದ. ಮತ್ತೆ ಟೈಪ್ ಮಾಡು ಎನ್ನುವಷ್ಟರಲ್ಲಿ ಕರೆಂಟು ಹೋಯಿತು, ಆ ರಾತ್ರಿ ಬರಲೇ ಇಲ್ಲ. ಹಾಲೇಶನ ಹಿಂದೆಯೇ ಬಂದಿದ್ದ ನಾಗವೇಣಿ ತನ್ನ ಕೈಬರಹದ ಹಾಳೆಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ‘ನಾಳೆ ಬಾಯಲ್ಲಿ ಹೇಳಿದ್ರಾಯ್ತು ಬಿಡ್ರಿ ಮೇಡಂ’ ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಬೆಳಿಗ್ಗೆ ಸಮಿತಿಯವರು ಮೂವರು ಬಂದರು. ಅಧ್ಯಕ್ಷರು ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕರು. ಹಸಿರು ಪುಸ್ತಕವನ್ನು ಕೈಗೆತ್ತಿಕೊಂಡು ಶೀರ್ಷಿಕೆಯನ್ನೇ ಬಹಳ ಹೊತ್ತು ನೋಡಿದರು. ಗೊತ್ತಿಲ್ಲ ಎಂದು ಹೇಳುವುದು ಅವರ ಅಭ್ಯಾಸದಲ್ಲಿರಲಿಲ್ಲ. ‘ಯಲು! ಹಳಗನ್ನಡದ ಪ್ರಯೋಗ. ಈಗಿನ ಮಕ್ಕಳಲ್ಲಿ ಇದು ಅಪರೂಪ’ ಎಂದರು. ಪಕ್ಕದಲ್ಲಿದ್ದ ಇಬ್ಬರೂ ಹಳಗನ್ನಡವೇ ಹೌದೆಂದು ತಲೆಯಾಡಿಸಿದರು.

ನಾಗವೇಣಿ ಎದ್ದಳು. ‘ಅಲ್ಲ ಸಾರ್, ಅದು ಯಾಕೆ ಅಂತ ಐತೆ. ಟೈಪ್ ಮಾಡಾಕೆ ಕೊಟ್ಟಾಗ ಕಂಪ್ಯೂಟರ್‌ನಾಗೆ ಹಿಂಗಾಗೈತೆ. ನಾನು ಬರ್ದಿದ್ದು ಇಲ್ಲಿ...’

ಮೂವರೂ ನಕ್ಕರು. ಕೆಟ್ಟ ನಗುವಲ್ಲ, ಮಗು ತೊದಲಿದಾಗ ನಗುವ ಹಾಗೆ, ಪ್ರೀತಿಯಿಂದಲೇ ನಕ್ಕರು. ಅದು ನನಗೆ ಇನ್ನೂ ಉರಿಯುತ್ತಿದೆ. ಅಧ್ಯಕ್ಷರು ಕೈಬರಹದ ಹಾಳೆಗಳನ್ನು ಮುಟ್ಟದೆ ‘ಬರಹ ಇಷ್ಟು ಶುದ್ಧವಾಗಿದೆ, ಮಾತು ಹೀಗಿದೆ. ನಿಜ ಹೇಳಮ್ಮ, ಇದನ್ನು ಬರೆದದ್ದು ನೀನೇನಾ?’ ಎಂದರು.

‘ಬರ್ದಿದ್ದು ನಾನೇ ಸಾರ್. ಶುದ್ಧ ಮಾಡಿದ್ದು ನಾನಲ್ಲ.’

ಅವರಿಗೆ ಬೇಕಾದ ಉತ್ತರ ಸಿಕ್ಕಿತು. ಮೂವರೂ ನನ್ನ ಕಡೆ ತಿರುಗಿ, ಬರೆದುಕೊಟ್ಟವಳು ನಾನೇ ಎಂಬಂತೆ ಮುಗುಳ್ನಕ್ಕರು. ನಾನು ಎದ್ದು ನಿಂತೆ. ಒಳಗೆ ಕುದಿಯುತ್ತಿದ್ದದ್ದು ಮನೆಯ ನಾಲಗೆ, ಹೊರಗೆ ಬಂದದ್ದು ಕಾಲೇಜಿನದು. ‘ಸರ್, ಇಲ್ಲಿ ಒಂದು ತಾಂತ್ರಿಕ ದೋಷವಿದೆ. ದಯವಿಟ್ಟು ಮೂಲಪ್ರತಿಯನ್ನು ಪರಿಶೀಲಿಸುವ ಅವಕಾಶ ಇದೆಯಾ?’ ಎಂದೆ. ಅಧ್ಯಕ್ಷರು ತಕ್ಷಣ ಕುರ್ಚಿ ತೋರಿಸಿ ‘ಇದೆ ಮೇಡಂ, ಖಂಡಿತ ಇದೆ, ತಾವು ಕೂತುಕೊಳ್ಳಿ’ ಎಂದರು. ಯಾರೋ ನನಗೆ ಚಹಾ ತಂದುಕೊಟ್ಟರು. ನಾನು ಕೂತೆ. ನಾಗವೇಣಿ ನಿಂತೇ ಇದ್ದಳು. ಅವಳ ಸಂಶೋಧನೆ ಎಷ್ಟು ಸರಿಯಾಗಿದೆ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ. ನೋಡಬೇಕಾದವರು ಮಾತ್ರ ಮುಂದಿನ ಪುಸ್ತಕ ತೆರೆದಿದ್ದರು.

ಮುಂದಿನ ಪುಸ್ತಕ ಸಂತೋಷನದು. ಕತ್ತಲಗೆರೆಯ ಕಡಲತೀರವನ್ನು ಸಮಿತಿ ಬಹುವಾಗಿ ಮೆಚ್ಚಿತು. ಆಮೆಯ ಚಿತ್ರಗಳು ಬಣ್ಣದಲ್ಲಿದ್ದವು. ಶಿಬಿರಕ್ಕೆ ಅವನೇ ಆಯ್ಕೆಯಾದ. ಸುದ್ದಿ ತಿಳಿದಾಗ ಅವನು ನನ್ನ ಹತ್ತಿರ ಓಡಿ ಬಂದು, ಬೆವರುತ್ತಾ, ‘ಮೇಡಂ, ನಾನು ಸಮುದ್ರನೇ ನೋಡಿಲ್ಲ, ಅಲ್ಲಿ ಕೇಳಿದ್ರೆ ಏನಂತ ಹೇಳ್ಲಿ?’ ಎಂದ. ಅವನ ಮೇಲೆ ಸಿಟ್ಟಾಗಲೂ ನನಗೆ ಆಗಲಿಲ್ಲ. ನಾಗವೇಣಿಯದನ್ನು ಪಾಸು ಮಾಡಿ, ಕೆಳಗೆ ‘ಮಾತಿನಲ್ಲಿ ಸುಧಾರಣೆ ಅಗತ್ಯ’ ಎಂದು ಬರೆದು ಹೋದರು. ಆ ದಿನ ವಾಪಸ್ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಎಚ್ಚರವಾಗಿಯೇ ಹೊಳೆ ದಾಟಿದೆ. ನಾಲಗೆ ಎಲ್ಲಿ ಬದಲಾಯಿತೆಂದು ಆಗಲೂ ಗೊತ್ತಾಗಲಿಲ್ಲ, ಯಲುಂದರೆ ಮನೆ ಮುಟ್ಟುವವರೆಗೂ ನಾನು ಬಾಯಿ ಬಿಡಲಿಲ್ಲ.

ರಜೆ ಮುಗಿದು ಕಾಲೇಜು ಶುರುವಾಯಿತು. ಮೊನ್ನೆ ಸ್ಟಾಫ್ ರೂಮು ತುಂಬಿತ್ತು. ನಾಗವೇಣಿ ಬಾಗಿಲಲ್ಲಿ ನಿಂತು, ವಾರ್ತೆ ಓದುವವರಂತೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: ‘ನಮಸ್ಕಾರ ಮೇಡಂ. ಗ್ರಂಥಾಲಯದ ಅರ್ಜಿಗೆ ತಮ್ಮ ಸಹಿ ಬೇಕಾಗಿದೆ. ತಮಗೆ ಸಮಯ ಇದೆಯಾ?’

ಒಂದು ತಪ್ಪಿಲ್ಲ. ಗುಂಡಿ ಒತ್ತಿದಂತೆ ಎಲ್ಲ ಶುದ್ಧ. ಕೈಯಲ್ಲಿದ್ದ ಪೆನ್ನು ಕುಕ್ಕಿ, ಅಷ್ಟೂ ಜನರ ಎದುರಿಗೆ ಕೂಗಿಬಿಟ್ಟೆ: ‘ಯಾಕವ್ವಾ, ಏನಾಗೈತೆ ನಿಂಗೆ? ಸರಿಯಾಗಿ ಮಾತಾಡಾಕೆ ಬರಲ್ವಾ?’

ಇಡೀ ಸ್ಟಾಫ್ ರೂಮು ನಕ್ಕಿತು. ಪ್ರಾಂಶುಪಾಲರು ಕಣ್ಣೀರು ಒರೆಸಿಕೊಂಡು ನಕ್ಕರು. ನಾಗವೇಣಿ ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು. ಹಿಡಿದರೂ ಅವಳ ಭುಜ ಕುಲುಕುವುದು ನನಗೆ ಕಾಣಿಸಿತು. ಅವಳೂ ನಕ್ಕಳು. ಕೊನೆಗೆ ನಾನೂ ನಕ್ಕೆ. ಯಲು ಎಂದು ಮಾತ್ರ ಕೇಳಬೇಡಿ.