ಎರಡು ಮೊಳ ಒಂದು ಗೇಣಿನ ಕಾರು

ಕಾರು ಆರಿಸುವುದು ಮಹಾ ವಿದ್ಯೆಯೇನಲ್ಲ ಎಂದೇ ನಾನು ತಿಳಿದಿದ್ದೆ. ಈ ಮನೆಗೆ ಸೊಸೆಯನ್ನು ಆರಿಸಿದವಳು ನಾನು. ಹಿಂಡುವ ಎಮ್ಮೆಯನ್ನು ಆರಿಸಿದವಳೂ ನಾನು. ಎರಡರ ಬಗ್ಗೆಯೂ ಇವತ್ತಿನವರೆಗೆ ಯಾರೂ ತಕರಾರು ತೆಗೆದಿಲ್ಲ. ಹೀಗಿರುವಾಗ ನಾಲ್ಕು ಗಾಲಿಯ ಒಂದು ಗಾಡಿ ನನ್ನ ಕಣ್ಣು ತಪ್ಪಿಸಿ ಎಲ್ಲಿಗೆ ಹೋದೀತು?

ಆದರೆ ಮೊದಲು ಮೊಮ್ಮಗಳ ಸುದ್ದಿ ಹೇಳಿಬಿಡುತ್ತೇನೆ. ಅದನ್ನು ಹೇಳದಿದ್ದರೆ ನನಗೆ ಉಣ್ಣಲಿಕ್ಕೂ ಆಗುವುದಿಲ್ಲ. ನನ್ನ ಮಗ ಮಂಜುನಿಗೆ ಮದುವೆಯಾಗಿ ಏಳು ವರ್ಷದ ಮೇಲೆ ಹೆಣ್ಣು ಕೂಸು ಹುಟ್ಟಿತು. ಹೆಸರು ಗೌರಿ. ಮುಖ ನನ್ನ ಅಂಗೈಯಷ್ಟು. ಆ ಅಂಗೈಯಷ್ಟು ಮುಖದಲ್ಲಿ ಕಣ್ಣು, ಮೂಗು, ಬಾಯಿ, ಗಲ್ಲದ ಗುಳಿ ಎಲ್ಲವನ್ನೂ ದೇವರು ಹೇಗೆ ಹೊಂದಿಸಿದನೋ! ನೋಡಿ ನೋಡಿ ನನ್ನ ಕುತ್ತಿಗೆಯೇ ಉಳುಕಿತ್ತು. ಸೊಸೆ ಸವಿತಾಳ ತವರು ಮಾಸೂರು, ಬಾಣಂತನ ಅಲ್ಲಿಯೇ. ಐದು ತಿಂಗಳಿಗೆ ಕೂಸನ್ನು ನಮ್ಮ ಅಕ್ಕಿಆಲೂರಿಗೆ ಕರೆತರುವುದೆಂದು ನಿಶ್ಚಯವಾಗಿತ್ತು. ನಮ್ಮ ಹೊಸ್ತಿಲಲ್ಲಿ ನಿಂತು ಮೊಮ್ಮಗಳಿಗೆ ಆರತಿ ಬೆಳಗುವ ಕೈ ನನ್ನದಾಗಬೇಕು. ಏಳು ವರ್ಷ ನಾನು ಕಾದದ್ದು ಅಷ್ಟಕ್ಕೇ.

ಹೆಸರಿಡುವ ದಿನ ನಮ್ಮ ಮನೆಯ ತೊಟ್ಟಿಲನ್ನು ಹಳೇ ಜೀಪಿನ ನೆತ್ತಿಗೆ ಹಗ್ಗದಿಂದ ಬಿಗಿದು ಮಾಸೂರಿಗೆ ಒಯ್ದಿದ್ದೆವು. ನಮ್ಮ ಮಾವನವರು ಸಾಗವಾನಿ ಕಟ್ಟಿಗೆಯಲ್ಲಿ ಮಾಡಿಸಿದ ತೊಟ್ಟಿಲು. ನಮ್ಮ ಮನೆಯವರು ಅದರಲ್ಲೇ ಮಲಗಿ ಬೆಳೆದವರು, ಮಂಜುನೂ ಅದರಲ್ಲೇ. ಬಿಚ್ಚಲಿಕ್ಕೆ ಬರುವುದಿಲ್ಲ, ಮಡಚಲಿಕ್ಕೆ ಬರುವುದಿಲ್ಲ, ನಾಲ್ಕು ಮಂದಿಗಿಂತ ಕಡಿಮೆ ಇದ್ದರೆ ಎತ್ತಲಿಕ್ಕೂ ಬರುವುದಿಲ್ಲ. ಮೊದಲ ಕೂಸಿಗೆ ತೊಟ್ಟಿಲು ಕೊಡುವುದು ತವರಿನವರ ಪದ್ಧತಿ. ಅದರಂತೆ ಬೀಗಿತ್ತಿ ನೀಲವ್ವ ಹೊಸ ಸ್ಟೀಲಿನ ತೊಟ್ಟಿಲು ತಂದಿಟ್ಟಿದ್ದಳು. ಒಂದು ಗುಂಡಿ ಒತ್ತಿದರೆ ಛತ್ರಿಯಂತೆ ಮಡಚಿಕೊಳ್ಳುತ್ತಿತ್ತು. ನಾನು ತುಂಬಿದ ಪಡಸಾಲೆಯಲ್ಲಿ ಎದ್ದು ನಿಂತೆ.

"ನಿಮ್ಮ ತೊಟ್ಟಿಲಾ ಬ್ಯಾಡ್ರಿ ನೀಲಕ್ಕಾರ. ನಮ್ಮ ಮನಿ ಕೂಸು ನಮ್ಮ ತೊಟ್ಟಿಲದಾಗ ಮಲಗಬೇಕು. ಕರ್ಯಾಕ ಬಂದ ದಿನ ಕೂಸು, ತೊಟ್ಟಿಲಾ ಎರಡೂ ಒಂದೇ ಗಾಡ್ಯಾಗ ಹೊಂಡ್ತಾವು, ನೋಡ್ತಿರ್ರಿ!"

ನೀಲವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಒಂದೇ ಮಾತು ಅಂದಳು. "ನೋಡೂಣಂತ ತಗೋರಿ."

ಆ "ನೋಡೂಣಂತ" ನನ್ನ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿಯಿತು.

ಇಷ್ಟರಲ್ಲಿ ನಮ್ಮ ಜೀಪು ಕೈಕೊಟ್ಟಿತು. ನಮ್ಮದು ಅಕ್ಕಿ ಗಿರಣಿ. ಮಂಜು ಗಿರಣಿಯ ಮಾಡಿನ ಮೇಲೆ ಸೋಲಾರ್ ಹಾಕಿಸಿದಾಗಿನಿಂದ ಅವನ ಬಾಯಲ್ಲಿ ಕರೆಂಟಿನ ಕಾರಿನದೇ ಜಪ.

"ಜೀಪ ಇರ್ಲಿ, ಕಾರೂ ಇರ್ಲಿ," ಅಂದರು ನಮ್ಮ ಮನೆಯವರು.

"ಎರಡೆರಡು ನಿಲ್ಲಸಾಕ ಜಾಗಾ ಎಲ್ಲೈತಪ್ಪ?" ಅಂದ ಮಂಜು. "ಜೀಪ ಕೊಟ್ಟು ಬಿಡೂದು. ಇನ್ನ ಮ್ಯಾಲೆ ಮನಿಗೆಲ್ಲಾ ಒಂದೇ ಗಾಡಿ. ಗಿರಣಿಗೂ ಅದೇ, ಮದುವಿ ಮುಂಜಿವಿಗೂ ಅದೇ."

ಒಂದೇ ಗಾಡಿ ಎಂಬ ಮಾತು ಹೊರಬಿದ್ದದ್ದೇ ತಡ, ಶಿಗ್ಗಾಂವಿಯ ತಂಗಿ, ಸವಣೂರಿನ ಭಾವ, ಹಾನಗಲ್ಲಿನ ಮೈದುನ, ಎಲ್ಲರೂ ಫೋನಿನಲ್ಲಿ ಸಲಹೆ ಸುರಿಸಿದರು. ಒಬ್ಬರಿಗೆ ಬ್ಯಾಟರಿಯ ಚಿಂತೆ, ಒಬ್ಬರಿಗೆ ಬಣ್ಣದ ಚಿಂತೆ. ನನಗೆ ಒಂದೇ ಚಿಂತೆ. ತೊಟ್ಟಿಲು! ಇರುವುದೊಂದೇ ಗಾಡಿ ಅಂದಮೇಲೆ ತೊಟ್ಟಿಲು ಅದರಲ್ಲೇ ಕೂರಬೇಕಲ್ಲ? ತಡ ಮಾಡದೆ ನೀಲವ್ವನಿಗೆ ಫೋನು ಹಚ್ಚಿದೆ.

"ನೀಲಕ್ಕಾರ, ತೊಟ್ಟಿಲಾ ಎಷ್ಟು ಉದ್ದ ಐತಿ, ಒಂಚೂರು ಅಳದು ಹೇಳ್ರಿ."

ಆಕೆ ಅಳೆದು ಬಂದಳು. "ಸರಿಯಾಗಿ ಎರಡು ಮೊಳ, ಒಂದು ಗೇಣು ನೋಡ್ರಿ ಶಾಂತಕ್ಕಾರ."

ಎರಡು ಮೊಳ, ಒಂದು ಗೇಣು. ಅದನ್ನು ಬಾಯಿಪಾಠ ಮಾಡಿಕೊಂಡು ನಾನು ಹುಬ್ಬಳ್ಳಿಯ ಶೋರೂಮಿಗೆ ಹೊರಟೆ.

ಶೋರೂಮು ಅಂದರೆ ಏನು ಹೇಳಲಿ! ನೆಲದಲ್ಲಿ ನನ್ನ ಮುಖ ನನಗೇ ಕಾಣುತ್ತಿತ್ತು. ಚಪ್ಪಲಿ ಬಾಗಿಲಲ್ಲೇ ಬಿಟ್ಟೆ. ಮಂಜು ಮತ್ತೆ ಹಾಕಿಸಿದ. ಕೋಟು ಹಾಕಿಕೊಂಡ ಒಬ್ಬ ಹುಡುಗಿ ಬಂದು ಕೈ ಮುಗಿದು ಮೂರು ಗಾಡಿ ತೋರಿಸಿದಳು. ಸಣ್ಣದು, ನಡುವಿನದು, ದೊಡ್ಡದು. ದೊಡ್ಡದರ ಹತ್ತಿರ ಹೋದರೆ ಬಾಗಿಲಿನ ಹಿಡಿಕೆ ತಾನಾಗಿ ಹೊರಗೆ ಬಂದು, "ಬರ್ರಿ ಅವ್ವಾರ" ಎನ್ನುವಂತೆ ನಿಂತಿತು. ನಾನೂ ಕೈ ಮುಗಿದೆ. ಒಳಗೆ ಸಿನೆಮಾದ ಪರದೆಯಂಥ ಪರದೆ. ಕುಂತರೆ ಬೆನ್ನಿಗೆ ತಂಪು ಗಾಳಿ ಸೀಟಿನೊಳಗಿಂದಲೇ ಬರುತ್ತಿತ್ತು. ಕತ್ತೆತ್ತಿ ನೋಡಿದೆ. ಮಾಡೇ ಇಲ್ಲ! ನೆತ್ತಿಯ ಮೇಲೆ ಪೂರಾ ಗಾಜು.

"ಇದು ನಮ್ಮ ಪ್ರೀಮಿಯಂ ಗಾಡಿರಿ ಅಮ್ಮಾರ. ಒಂದು ರೌಂಡ್ ಹೋಗಿ ಬರೂಣೇನ್ರಿ?"

ಹೋದೆವು. ಯಾವಾಗ ಹೊರಟಿತೆಂದು ತಿಳಿಯಲಿಲ್ಲ, ಯಾವಾಗ ನಿಂತಿತೆಂದೂ ತಿಳಿಯಲಿಲ್ಲ. ನಾನು ಗಾಜಿನಲ್ಲಿ ಆಕಾಶ ನೋಡುತ್ತಿದ್ದೆ. ಒಂದು ಹದ್ದು ತೇಲುತ್ತ ತೇಲುತ್ತ ನಮ್ಮ ಜೊತೆಗೇ ಬಂತು. ಅರವತ್ತೆರಡು ವರ್ಷ ಆಕಾಶದ ಕೆಳಗೇ ಬದುಕಿದವಳು ನಾನು, ಹೀಗೆ ಒರಗಿ ಕುಳಿತು ಅದನ್ನು ನೋಡಿದ್ದು ಅವತ್ತೇ. ನಮ್ಮ ಗೌರಿ ಇದನ್ನು ಮಲಗಿಕೊಂಡೇ ನೋಡುತ್ತಾಳಲ್ಲ ಎಂದು ನೆನೆದು ಕಣ್ಣು ತುಂಬಿ ಬಂತು. ನಮ್ಮ ಮನೆಯವರು, "ಯಾಕ, ಕಾರು ತ್ರಾಸ ಕೊಡಾಕತ್ತೈತೇನು?" ಅಂದರು.

ವಾಪಸು ಬಂದ ಮೇಲೆ ನಾನು ಕೆಲಸಕ್ಕೆ ಕೈ ಹಾಕಿದೆ. ಕೋಟಿನ ಹುಡುಗಿ ಓಡಿ ಬಂದು, "ಅಮ್ಮಾರ, ಅಳತಿ ಟೇಪ್ ಕೊಡ್ಲೇನ್ರಿ?" ಅಂದಳು.

"ಬ್ಯಾಡವಾ. ನಲವತ್ತು ವರ್ಷ ಹೂವು, ಕುಪ್ಪಸದ ಅರಬಿ, ಹಪ್ಪಳ ಒಣಗಸೋ ಚಾಪಿ ಎಲ್ಲಾ ಇದೇ ಕೈಲೆ ಅಳದೇನಿ."

ಇಂಚು, ಸೆಂಟಿಮೀಟರು ಕಲಿಸುವ ಇಯತ್ತೆ ಬರುವ ಮೊದಲೇ ನಾನು ಶಾಲೆ ಬಿಟ್ಟವಳು. ಮೊಳ ಮತ್ತು ಗೇಣನ್ನು ಕೈಯಲ್ಲೇ ಇಟ್ಟುಕೊಂಡು ತಿರುಗುವವಳಿಗೆ ಟೇಪು ಯಾಕೆ? ಸಣ್ಣ ಗಾಡಿಯ ಡಿಕ್ಕಿ ಎರಡೇ ಮೊಳ. ಫೇಲು! ನಡುವಿನದು ಎರಡು ಮೊಳ, ನಾಲ್ಕು ಬೆರಳು. ಫೇಲು! ದೊಡ್ಡದರ ಡಿಕ್ಕಿಯಲ್ಲಿ ಬಗ್ಗಿ ಅಳೆಯುತ್ತಿದ್ದಾಗ ಮಂಜು ಏನೋ ಒತ್ತಿಬಿಟ್ಟ. ಹಿಂದಿನ ಬಾಗಿಲು ಮೆಲ್ಲಗೆ ಇಳಿದು ಬಂದು ನನ್ನ ಬೆನ್ನನ್ನು ಮುಟ್ಟಿತು. ಮುಟ್ಟಿದ್ದೇ ತಡ, ತಪ್ಪಾಯಿತು ಎಂಬಂತೆ ತಾನಾಗಿಯೇ ಮೇಲೆದ್ದು ನಿಂತಿತು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ನಮ್ಮ ಮನೆಯವರು ಒಂದು ಸಲವೂ ಇಷ್ಟು ಬೇಗ ತಪ್ಪು ಒಪ್ಪಿಕೊಂಡವರಲ್ಲ!

ಅಳತೆ ಮುಗಿಯಿತು. ಎರಡು ಮೊಳ, ಒಂದು ಗೇಣು, ಮೇಲೆ ಎರಡು ಬೆರಳು.

"ಇದೇ ಗಾಡಿ," ಎಂದು ಘೋಷಿಸಿದೆ.

ಮಂಜು ಮನಸ್ಸಿಟ್ಟಿದ್ದು ನಡುವಿನದರ ಮೇಲೆ. "ಅವ್ವಾ, ಕಾರು ತಗೊಳ್ಳೂದು ಹತ್ತು ಹದಿನೈದು ವರ್ಷ ಓಡಸಾಕ. ತೊಟ್ಟಿಲಾ ಹೇರೂದು ಒಂದೇ ದಿನ."

"ಆ ಒಂದೇ ದಿನ ನೀಲವ್ವನ ಮುಂದ ನಿಲ್ಲಾಕಿ ನಾನಪ್ಪ!"

ಮಂಜು ಅಪ್ಪನ ಮುಖ ನೋಡಿದ. ಅಪ್ಪ ಮಾಡಿನ ಮುಖ ನೋಡಿದರು. ಹೀಗೆ ನಮ್ಮ ಕುಟುಂಬದ ಏಕಮೇವ ವಾಹನದ ಆಯ್ಕೆ ಸರ್ವಾನುಮತದಿಂದ, ಅಂದರೆ ನನ್ನ ಮತದಿಂದ, ನೆರವೇರಿತು. ಜೀಪು ಕೊಟ್ಟೆವು. ಹಗ್ಗವನ್ನೂ ಅದರಲ್ಲೇ ಬಿಟ್ಟೆವು. ಇನ್ನು ಹಗ್ಗ ಯಾಕೆ?

ಕರೆಯಲು ಹೋಗುವ ದಿನ ಆರತಿ ತಟ್ಟೆ ಸಜ್ಜು ಮಾಡಿ ದೇವರ ಜಗಲಿಯ ಮೇಲಿಟ್ಟೆ. ಕಾರಿಗೆ ಹೊಟ್ಟೆ ತುಂಬ ಕರೆಂಟು ಕುಡಿಸಿದ್ದೆವು. ಮದಗದ ಕೆರೆಯ ನೀರು ಹರಿಯುವ ಗದ್ದೆಗಳ ನಡುವೆ ನಮ್ಮ ಗಾಡಿ ಸದ್ದಿಲ್ಲದೆ ಮಾಸೂರು ಹೊಕ್ಕಿತು. ಓಣಿಯ ಮಂದಿಯೆಲ್ಲ ಬಂದು ಮುತ್ತಿದರು. ಹಿಡಿಕೆ ಹೊರಗೆ ಬಂತು, ಮಂದಿ ಹಿಂದಕ್ಕೆ ಸರಿದರು. ನಾನು ಮುಂದಕ್ಕೆ ಸರಿದೆ.

"ತರ್ರಿ ತೊಟ್ಟಿಲಾ!"

ನಾಲ್ಕು ಮಂದಿ ಹೊತ್ತು ತಂದರು. ಅಡ್ಡ ಹಿಡಿದರು. ಹೋಗಲಿಲ್ಲ. ಓರೆ ಮಾಡಿದರು. ಹೋಗಲಿಲ್ಲ. ಬೋರಲು ಹಾಕಿದರು, ಮತ್ತೆ ಎತ್ತಿದರು. ಇನ್ನೊಬ್ಬರು ಹೆಗಲು ಕೊಟ್ಟರು. ಆದರೂ ಹೋಗಲಿಲ್ಲ!

ನಮ್ಮ ಮನೆಯವರು ತಲೆ ಕೆರೆದುಕೊಂಡರು. "ಐದು ತಿಂಗಳದಾಗ ಕೂಸಿನ ಕೂಡ ತೊಟ್ಟಿಲಾನೂ ಬೆಳದೈತೇನಲೇ?"

ನಾನು ಗಾಬರಿಯಾಗಿ ತೊಟ್ಟಿಲಿಗೆ ನನ್ನ ಕೈ ಹಚ್ಚಿ ಅಳೆದೆ. ಮೂರು ಮೊಳಕ್ಕೆ ಎರಡೇ ಬೆರಳು ಕಡಿಮೆ! "ನೀಲಕ್ಕಾರ, ಎರಡು ಮೊಳ ಒಂದು ಗೇಣು ಅಂದಿದ್ರಲ್ಲರಿ?"

"ಹೌದ್ರಿ, ಸುಳ್ಳ ಯಾಕ ಹೇಳ್ಲಿ?" ನೀಲವ್ವ ಎಲ್ಲರ ಮುಂದೆ ಅಳೆದಳು. ಎರಡು ಮೊಳ, ಒಂದು ಗೇಣು. ಸರಿಯಾಗಿ ಹೊಂದಿತು.

ಆಗ ನಾನು ಆಕೆಯ ಕೈ ನೋಡಿದೆ. ನೀಲವ್ವ ಹೊಸ್ತಿಲು ದಾಟುವಾಗ ತಲೆ ಬಗ್ಗಿಸುವ ಹೆಂಗಸು. ನಾನು ಗೋಡೆಯ ಹಲಗೆಯ ಮೇಲಿನ ಡಬ್ಬಿ ತೆಗೆಯಲು ಮಣೆ ಇಟ್ಟುಕೊಳ್ಳುವವಳು. ಇಬ್ಬರ ಕೈಯನ್ನೂ ಪಕ್ಕಕ್ಕಿಟ್ಟರೆ ಆಕೆಯ ಮೊಳ ನನ್ನ ಮೊಳಕ್ಕಿಂತ ನಾಲ್ಕು ಬೆರಳು ಮುಂದೆ ಹೋಗಿತ್ತು! ಅಕ್ಕಿಆಲೂರಿನ ಸಂತೆಯಲ್ಲಿ ಹೂ ಮಾರುವವರು ಐದು ಮಂದಿ ಇದ್ದರೂ, ಕೈ ಉದ್ದ ಇದ್ದವಳನ್ನೇ ಹುಡುಕಿ ಹೋಗಿ ಮೊಳ ಹಾಕಿಸುವವಳು ನಾನು. ಹತ್ತು ರೂಪಾಯಿಯ ಮಲ್ಲಿಗೆಯಲ್ಲಿ ಇದ್ದ ಬುದ್ಧಿ ಕಾರಿನ ಹತ್ತಿರ ಎಲ್ಲಿಗೆ ಹೋಗಿತ್ತೋ!

"ಜೀಪಿಗೆ ಕಟ್ಟಿಧಂಗ ಮ್ಯಾಲೆ ಕಟ್ರಲ್ಲ," ಅಂದ ಒಬ್ಬ ಮುದುಕಪ್ಪ.

ಮ್ಯಾಲೆ ಗಾಜು. ನಾನು ಕಣ್ಣೀರು ಹಾಕಿ ಮೆಚ್ಚಿದ ಗಾಜು.

"ನಾವು ಕೊಡೂದು ಮಡಚೋ ತೊಟ್ಟಿಲಾ ಇತ್ತು," ಎಂದು ನೀಲವ್ವ ಯಾರಿಗೂ ಹೇಳದಂತೆ ಎಲ್ಲರಿಗೂ ಕೇಳುವಂತೆ ಹೇಳಿದಳು.

ಕೊನೆಗೆ ಮಂಜು ಏನೋ ಎಳೆದ. ಹಿಂದಿನ ಸೀಟುಗಳು ದೊಡ್ಡವರಿಗೆ ಶರಣು ಮಾಡುವಂತೆ ಬಾಗಿ ಮಲಗಿಕೊಂಡವು. ತೊಟ್ಟಿಲು ಉದ್ದಕ್ಕೆ ಜಾರಿ ಒಳಗೆ ಹೋಯಿತು! ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಲೆಕ್ಕ ಹಾಕಿದೆವು. ಹಿಂದೆ ಒಂದು ತುಂಡು ಸೀಟು ಉಳಿದಿತ್ತು, ಅದು ಸವಿತಾಳಿಗೂ ಕೂಸಿಗೂ ಆಯಿತು. ಓಡಿಸುವವನು ಮಂಜು. ಮುಂದೆ ಒಂದೇ ಸೀಟು. ಕೂಸಿನ ಜೊತೆ ತವರಿನ ಹೆಂಗಸೊಬ್ಬಳು ಬರಬೇಕೆಂಬುದು ಪದ್ಧತಿ.

"ನಾ ನಾಳಿ ಬಸ್ಸಿಗೆ ಬರ್ತೇನಿ ತಗೋರಿ," ಅಂದಳು ನೀಲವ್ವ.

"ಛೇ ಛೇ, ನೀವು ಕುಂದರ್ರಿ ನೀಲಕ್ಕಾರ," ಅಂದುಬಿಟ್ಟಿತು ನನ್ನ ಬಾಯಿ. ಬಾಯಿಗೇನು, ಅದಕ್ಕೆ ಮೊಳವೂ ಇಲ್ಲ, ಗೇಣೂ ಇಲ್ಲ.

ಕೂಸು, ತೊಟ್ಟಿಲು ಎರಡೂ ಒಂದೇ ಗಾಡಿಯಲ್ಲಿ ಹೊರಟವು. ನನ್ನ ಮಾತು ಉಳಿಯಿತು. ಮಾಸೂರಿನಲ್ಲಿ ನಾನೂ ಉಳಿದೆ.

ನಮ್ಮ ಮನೆಯವರೂ ನಾನೂ ಹಿರೇಕೆರೂರಿಗೆ ಬಂದು ಬಸ್ಸು ಬದಲಿಸಿದೆವು. ಹೆಂಗಸರಿಗೆ ಪುಕ್ಕಟೆ. ನಾಲ್ಕು ತಾಲೂಕಿನ ನಮ್ಮ ನೆಂಟರಲ್ಲೇ ತುಟ್ಟಿ ಗಾಡಿ ಆರಿಸಿದ ನಾನು ಪುಕ್ಕಟೆ ಟಿಕೀಟಿನಲ್ಲಿ, ಕಂಬಿ ಹಿಡಿದು ನಿಂತು, ಮನೆಗೆ ಹೊರಟೆ!

"ಬೆನ್ನಿಗೆ ತಂಪು ಗಾಳಿ ಬರಾಕತ್ತೈತೇನು?" ಅಂದರು ನಮ್ಮ ಮನೆಯವರು.

ನನ್ನ ಜೀವವೆಲ್ಲ ಹೊಸ್ತಿಲಲ್ಲಿತ್ತು. ಕಾರು ಎಂದೋ ಮುಟ್ಟಿರುತ್ತದೆ. ಕೂಸನ್ನು ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ? ನಾನು ಸಜ್ಜು ಮಾಡಿಟ್ಟ ತಟ್ಟೆಯಿಂದ ನೀಲವ್ವ ಆರತಿ ಮಾಡಿ ಒಳಗೆ ಕರೆದುಕೊಂಡಿರುತ್ತಾಳೆ. ಏಳು ವರ್ಷ ಕಾದವಳು ಒಂದು ಬಸ್ಸಿನಿಂದಾಗಿ ಅದನ್ನು ಕಳೆದುಕೊಂಡೆ. ಬಸ್ಸು ಎಲ್ಲ ಹಳ್ಳಿಯಲ್ಲೂ ನಿಂತಿತು. ಹಳ್ಳಿ ಇಲ್ಲದಲ್ಲೂ ನಿಂತಿತು.

ಅಕ್ಕಿಆಲೂರಿನಲ್ಲಿ ಇಳಿದು ಸೆರಗು ಸಿಕ್ಕಿಸಿಕೊಂಡು ಓಡಿದೆ. ಮನೆಯ ಮುಂದೆ ನೀಲವ್ವ ನನ್ನ ತಟ್ಟೆ ಹಿಡಿದೇ ನಿಂತಿದ್ದಳು! ಆರತಿ ಮುಗಿದೇ ಹೋಯಿತೆಂದು ನಾನು ಅಂಗಳದಲ್ಲೇ ನಿಂತೆ.

"ಸದ್ದು ಮಾಡಬ್ಯಾಡ್ರಿ," ಎಂದು ಆಕೆ ತುಟಿಯ ಮೇಲೆ ಬೆರಳಿಟ್ಟಳು. "ಹಾದ್ಯಾಗ ಮಲಗಿದ ಕೂಸು, ಇನ್ನೂ ಎದ್ದಿಲ್ಲ. ಗಾಡ್ಯಾಗೇ ಐತಿ. ಎಬ್ಬಿಸಿದ್ರ ನೀವು ಬರೂಮಟ ಹೆಂಗ ತಡೀಬೇಕು? ಹಿಡೀರಿ ತಟ್ಟಿ. ನಿಮ್ಮ ಮನಿ ಹೊಸ್ತಿಲಾಗ ನಾ ಯಾಕ ಆರತಿ ಮಾಡ್ಲಿ?"

ನಾನು ತಟ್ಟೆ ಇಸಿದುಕೊಂಡೆ. ಆ ಕೈ ಉದ್ದ ಇದ್ದದ್ದು ಅಳತೆಯಲ್ಲಿ ಮಾತ್ರವಲ್ಲ ಅನಿಸಿತು. ಮಂಜು ಗಾಡಿಯ ತಂಪು ಆರಿಸದೆ ಅಷ್ಟು ಹೊತ್ತೂ ಇಟ್ಟಿದ್ದ. ಒಳಗೆ ಸವಿತಾಳ ತೊಡೆಯ ಮೇಲೆ ನನ್ನ ಗೌರಿ ಕಣ್ಣು ಬಿಟ್ಟಳು. ಗಾಜಿನ ಮೇಲೆ ನಮ್ಮ ಬೇವಿನ ಮರ ಅಲ್ಲಾಡುತ್ತಿತ್ತು. ಅವಳು ಅದನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಇಬ್ಬರ ಬಾಯಿಯೂ ತೆರೆದೇ ಇತ್ತು.

ಹೊಸ್ತಿಲಲ್ಲಿ ನಿಲ್ಲಿಸಿ ಆರತಿ ಮಾಡಿದೆ. ಹೊರಗೆ ಚೆಲ್ಲುವಾಗ ಅರ್ಧ ಕೆಂಪು ನೀರು ಕಾರಿನ ಬಾಗಿಲಿಗೆ ಬಿತ್ತು. ಹೋಗಲಿ, ಅದೂ ಹೊಸದಾಗಿ ಮನೆಗೆ ಬಂದದ್ದೇ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಮಾನ ಸ್ವಲ್ಪ ಉಳಿಯುತ್ತಿತ್ತು. ಮರುದಿನ ಗೌರಿಯನ್ನು ತೊಟ್ಟಿಲಲ್ಲಿ ಹಾಕಿದೆ. ಊರು ಕೇಳುವಂತೆ ಅತ್ತಳು. ತೂಗಿದೆ, ಜೋಗುಳ ಹಾಡಿದೆ. ನನ್ನ ಹಾಡು ಕೇಳಿ ಇನ್ನೂ ಜೋರಾಯಿತು. ಕಾರಿನಲ್ಲಿ ಮಲಗಿಸಿದೆವು. ಬೇವಿನ ಮರ ನೋಡುತ್ತ ಎರಡೇ ನಿಮಿಷಕ್ಕೆ ನಿದ್ದೆ!

ಅಂದಿನಿಂದ ದಿನಾ ಮಧ್ಯಾಹ್ನ ನಮ್ಮ ಏಕಮೇವ ವಾಹನ ಬೇವಿನ ಮರದ ಕೆಳಗೇ ನಿಲ್ಲುತ್ತದೆ. ಒಳಗೆ ಮೊಮ್ಮಗಳು, ಪಕ್ಕದಲ್ಲಿ ನಾನು. ಆ ಹೊತ್ತಿಗೆ ನಮ್ಮ ಮನೆಯವರು ಸೈಕಲ್ ಮೇಲೆ ಗಿರಣಿಗೆ ಹೋಗುತ್ತಾರೆ. ಮಂಜು ಕಂಡವರ ಬೈಕು ಕೇಳುತ್ತಾನೆ.

ತೊಟ್ಟಿಲು ಗೋಡೆಯ ಪಕ್ಕದಲ್ಲಿದೆ. ಅದರಲ್ಲಿ ಈಗ ಕಾರಿಗೆ ಚಾರ್ಜು ಹಾಕುವ ವೈರನ್ನು ಸುತ್ತಿ ಮಲಗಿಸುತ್ತಾರೆ. ಉದ್ದಕ್ಕೂ ಅಗಲಕ್ಕೂ ಸರಿಯಾಗಿ ಹೊಂದಿದೆ. ಅಳೆದವಳು ನಾನಲ್ಲ!