ಮೂಗು ಹೊಂದಿದರೆ ಸಾಕೇ?

ಎಲ್ಲಕ್ಕೂ ಕಾರಣ ದರ್ಜಿಯ ಮೂಗು. ಅವನದೂ ಅವನ ಅಕ್ಕನದೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು. ಅಕ್ಕನಿಗೆ ರಕ್ತದ ಕಾಯಿಲೆ, ಒಡಹುಟ್ಟಿದವರ ಅಸ್ಥಿಮಜ್ಜೆ ಹೊಂದಿದರೆ ಉಳಿಯುತ್ತಾಳೆ ಎಂದು ಡಾಕ್ಟರು ಹೇಳಿದ್ದೇ ತಡ, ಬೀದಿಯವರು ತೀರ್ಪು ಕೊಟ್ಟೇಬಿಟ್ಟರು.

“ಮೂಗು ನೋಡಿದ್ರೆ ಗೊತ್ತಾಗಲ್ವೇನೋ? ನಿಂದೇ ಹೊಂದೋದು!” ಎಂದರು ಎದುರುಮನೆ ಟೀಚರಮ್ಮ.

ರಕ್ತಪರೀಕ್ಷೆಯ ಫಲಿತಾಂಶ ಬರುವ ದಿನ ಬೆಳಗ್ಗೆ ಅವರು ಆರು ಮೊಟ್ಟೆ ಬೇಯಿಸಿ ತಂದು, ಎದುರು ಕೂತು ತಿನ್ನಿಸಿದರು. ಬೇಕರಿಯವನು ಮೂರು ಲೋಟ ಹಾಲು ಕುಡಿಸಿದ. ದರ್ಜಿ ಅಂಗಡಿಗೆ ಬೀಗ ಹಾಕಿ, ಹೊಸದಾಗಿ ಹತ್ತಿ ತುಂಬಿದ ದಿಂಬಿನಂತೆ ಉಬ್ಬಿ ಹೊರಟ. ಹಿಂದೆಯೇ ತಂಗಿ ಬಂದಳು. ಅವಳಿಗೆ ಈ ಮನೆಯ ಮೂಗಿಲ್ಲ, ಕಿವಿಯಿಲ್ಲ.

“ನೀನ್ಯಾಕೇ? ಆಸ್ಪತ್ರೇಲಿ ಅದಲುಬದಲಾಗಿ ಬಂದವಳು!” ಎಂದು ದರ್ಜಿ ರೇಗಿಸಿದ.

“ರಕ್ತ ನಾನೂ ಕೊಟ್ಟಿದೀನಿ ಕಣೋ. ನಡಿ ಸುಮ್ನೆ.”

ಆಸ್ಪತ್ರೆಯಲ್ಲಿ ಅಕ್ಕನ ಹಾಸಿಗೆಯ ಬಳಿ ಅಮ್ಮ ಉಗುರು ಕಚ್ಚುತ್ತ ಕೂತಿದ್ದಳು. ಡಾಕ್ಟರಮ್ಮ ಕಾಗದ ಹಿಡಿದು ಒಳಬರುತ್ತಲೇ ದರ್ಜಿ ಅಂಗಿಯ ತೋಳು ಮಡಿಸಿದ.

“ತೋಳು ಇಳಿಸಿ. ತಂಗೀದು ಪೂರ್ತಿ ಹೊಂದಿದೆ!”

ಅಕ್ಕ ಅಳುತ್ತಲೇ ನಕ್ಕಳು. ದರ್ಜಿ ಕುಣಿದಾಡಿ, ತಂಗಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಆಮೇಲೆ ಕೇಳಿದ: “ಹಾಗಾದ್ರೆ ನಂದು?”

“ಒಂಚೂರೂ ಇಲ್ಲ.”

“ಮೂಗು...?”

“ಮೂಗಿನ ಲೆಕ್ಕ ಬೇರೆ ಕಣ್ರೀ. ನಮ್ಮ ಜೀವಕೋಶಗಳ ಮೇಲೆ ಗುರುತಿನ ಚೀಟಿ ಇರತ್ತೆ. ಅಪ್ಪನ ಹತ್ರ ಅಂಥ ಚೀಟಿಗಳ ಎರಡು ಕಟ್ಟು, ಅಮ್ಮನ ಹತ್ರ ಎರಡು. ಒಂದೊಂದು ಮಗೂಗೂ ಇಬ್ಬರಿಂದ ಒಂದೊಂದೇ ಕಟ್ಟು. ಗುರುತು ತಪ್ಪಿದ್ರೆ ಮೈಯೊಳಗಿನ ಕಾವಲು ಪಡೆ ಹೊಡೆದಾಟಕ್ಕೆ ನಿಲ್ಲತ್ತೆ. ಅಕ್ಕನಿಗೆ ಸಿಗದ ಕಟ್ಟುಗಳೇ ಎರಡೂ ನಿಮಗೆ ಬಂದಿವೆ. ನಾಲ್ಕರಲ್ಲಿ ಒಬ್ಬರಿಗೆ ಹೀಗಾಗತ್ತೆ, ಸಹಜ.”

‘ಸಹಜ’ ಎಂಬ ಮಾತು ಆಸ್ಪತ್ರೆಯ ಗೇಟು ದಾಟಲಿಲ್ಲ. ಸಂಜೆ ದರ್ಜಿ ಅಮ್ಮನ ಜೊತೆ ಬೀದಿಗೆ ಬಂದರೆ ಇಡೀ ಬೀದಿಯೇ ಕಾದಿತ್ತು.

“ಒಂಚೂರೂ ಹೊಂದಿಲ್ವಂತೆ!” ಬೇಕರಿಯವನು ಕಣ್ಣರಳಿಸಿದ. “ಅಂದ್ರೆ ಇವನು ಯಾರ ಮಗ?”

“ಆ ಮೊಟ್ಟೆಗಳು ದಂಡ,” ಎಂದರು ಟೀಚರಮ್ಮ.

ದರ್ಜಿ ಬೆವೆತು ಅಮ್ಮನ ಸೆರಗು ಹಿಡಿದೆಳೆದ. “ಅಮ್ಮಾ, ನಾನು ನಿನ್ನ ಮಗನೇ ಅಂತ ಇವರಿಗೆ ಹೇಳಮ್ಮ!”

ಅಮ್ಮ ಅವನ ತಲೆ ಸವರಿದಳು.

“ನೀನು ಹುಟ್ಟಿದಾಗ ನಂಗೆ ಎಚ್ಚರವೇ ಇರಲಿಲ್ಲ ಕಣಪ್ಪ. ನರ್ಸಮ್ಮ ತಂದುಕೊಟ್ಲು, ಇಸ್ಕೊಂಡೆ. ಈಗ ವಾಪಸ್ ಕೊಡೋಕಾಗತ್ತಾ?”