ಹಲಗೆಯ ಮೇಲೆ ಬೋರಲು ಮಲಗಿದ ಮಹಾಪುರುಷ

ನಮ್ಮ ದೇಶದಲ್ಲಿ ಬಾಡಿಬೋರ್ಡಿಂಗ್ ಹುಟ್ಟಿದ್ದು ಸಮುದ್ರದಲ್ಲಲ್ಲ, ಹರಿಹರದ ಹೊಳೆಯಲ್ಲಿ. ಹುಟ್ಟಿಸಿದವರು ನನ್ನ ಸೋದರಮಾವ! ನೀವು ನಂಬದಿದ್ದರೂ ಅಡ್ಡಿಯಿಲ್ಲ, ಅವರೆದುರು ಮಾತ್ರ ಬಾಯಿ ಬಿಡಬೇಡಿ.

ಇದೆಲ್ಲ ಶುರುವಾಗಿದ್ದು ಮೊಬೈಲಿನಿಂದ. ಕರಾವಳಿಯಲ್ಲೆಲ್ಲೋ, ಹಲಗೆಯ ಮೇಲೆ ಬೋರಲು ಮಲಗಿ ಅಲೆ ಏರುವ ಈ ಆಟದ ಮೊದಲಿಗರಿಗೆ ಶಾಲು ಹೊದಿಸುತ್ತಿದ್ದ ವಿಡಿಯೋ ನೋಡಿ ಮಾವ ಕುರ್ಚಿಯಿಂದ ಜಿಗಿದರು. "ಲೇ, ಇವರು ಹುಟ್ಟೋಕೆ ಮುಂಚೆ ನಾನೂ ಬುಡನ್ನೂ ಹೊಳೆ ತುಂಬಿದಾಗೆಲ್ಲ ಇದನ್ನೇ ಮಾಡ್ತಿದ್ವಿ! ಮೊದಲು ನಾನು, ಆಮ್ಯಾಲೆ ಬುಡನ್!"

ಬುಡನ್ ಸಾಬರು ಹರಿಹರದ ಬಡಗಿ, ಮಾವನ ಜೀವದ ಗೆಳೆಯ. ಇಬ್ಬರ ಹಲಗೆಗಳನ್ನೂ ಹೆರೆದವರು ಅವರೇ. ಹೋದ ವರ್ಷ ತೀರಿಕೊಂಡರು.

"ಮಾವ, ಅದಕ್ಕೆ ಸಮುದ್ರ ಬೇಕಂತೆ," ಅಂದೆ.

"ಸಮುದ್ರಕ್ಕೆ ನೀರು ಕೊಡೋದು ಯಾರಲೇ? ನಮ್ಮ ಹೊಳೆ ಅಲ್ಲೇನು?"

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ನಮ್ಮ ವಿದ್ಯಾನಗರದ ಅರ್ಧ ಮನೆಗಳ ಕಿಟಕಿ ಗ್ರಿಲ್ಲಿಗೆ ವೆಲ್ಡಿಂಗ್ ಮಾಡಿದ್ದು ಇದೇ ಕೈ ಎಂದು ಎದೆಯುಬ್ಬಿಸಿ ಹೇಳಬಲ್ಲೆ. ಆದರೆ ಭೂಗೋಳದಲ್ಲಿ ಮಾವನನ್ನು ಗೆಲ್ಲಬಲ್ಲೆನೇ?

ಮಾರನೆಯ ದಿನದಿಂದ ತಾಲೀಮು! ಅತ್ತೆ ಹಾಲ್‌ಗೆ ಸೋಪುನೀರು ಹಾಕಿದ್ದೇ ತಡ, ಮಾವ ಅಟ್ಟದಿಂದ ಇಳಿಸಿದ ಹಳೇ ಹಲಗೆ ತಬ್ಬಿಕೊಂಡು ಸೊಂಯ್ಯನೆ ಜಾರಿ ಟಿವಿ ಸ್ಟ್ಯಾಂಡಿಗೆ ಡಿಕ್ಕಿ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಬೈಗುಳದ ಮಳೆಗೆ ನಾನು ಕಿವಿ ಮುಚ್ಚಿಕೊಳ್ಳುವಷ್ಟರಲ್ಲಿ, "ಈ ಕಡೆ ಎಲ್ಲಾ ಒರೆಸಿದಂಗಾತು. ಬಾಗಿಲ ಮೂಲೆ ಉಳದೈತೆ, ಹಂಗೇ ತಿರುಗ್ರಿ!" ಅಂದರು.

ಕೊನೆಗೆ ಸನ್ಮಾನ ನಾವೇ ಮಾಡುವುದೆಂದಾಯಿತು. ಮಾವನ ಷರತ್ತುಗಳನ್ನು ಕೇಳಬೇಕು! ಹೊಳೆಯ ದಂಡೆಯಲ್ಲೇ ಆಗಬೇಕು. ಎರಡು ಹಲಗೆ, ಎರಡು ಹಾರ, ಎರಡು ಶಾಲು ಬೇಕು. ಬುಡನ್ ಸಾಬರ ಮಗಳು ಮುಂದೆ ಕೂತಿರಬೇಕು.

"ಒಂದು ಮೈಗೆ ಎರಡು ಶಾಲು ಯಾಕ ಮಾವ? ಚಳಿಯಾ?"

"ತರ್ತೀಯೋ, ನಾನೇ ತರ್ಲೋ?"

ಭಾನುವಾರ ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಕುರ್ಚಿ ಹಾಕಿದೆ. ಬುಡನ್ ಸಾಬರ ಮಗಳು ಬಂದು ಮುಂದೆ ಕೂತಳು. ಮಾವ ಕೂರಲಿಲ್ಲ. "ಮಲಗಿ ಸಾಧಿಸಿದೋನು ಕೂತು ಸನ್ಮಾನ ಮಾಡಿಸ್ಕಂತೀನಾ?" ಎಂದು ಹಲಗೆಯ ಮೇಲೆ ಬೋರಲಾದರು. ಬೋರಲು ಬಿದ್ದವರಿಗೆ ಹಾರ ಹಾಕುವುದು ಹೆಂಗೆ? ಬೆನ್ನ ಮೇಲಿಟ್ಟೆ. ಶಾಲು ಹೊದಿಸಿದೆ, ತಲೆಯೂ ಮುಚ್ಚಿತು. ಅತ್ತೆ ಊದುಬತ್ತಿ ಹಚ್ಚಿದರು.

ಸ್ನಾನ ಮುಗಿಸಿ ಬಂದ ಅಜ್ಜಿಯೊಬ್ಬರು ನೋಡಿದರು. ಚಪ್ಪಲಿ ಬಿಟ್ಟು ಕೈಮುಗಿದು, "ಅಯ್ಯೋ ಪಾಪ... ಯಾವಾಗ ಹೋದ್ರಪ್ಪ?" ಅಂದರು.

ಶಾಲಿನೊಳಗಿಂದ ತಲೆ ಎದ್ದಿತು. "ಎಲ್ಲೂ ಹೋಗಿಲ್ಲ ಕಣವ್ವ! ಸನ್ಮಾನ ನಡದೈತೆ!"

ಆ ಅಜ್ಜಿ ಮೆಟ್ಟಿಲು ಹತ್ತಿದ ವೇಗಕ್ಕೂ ಒಂದು ಶಾಲು ಹೊದಿಸಬೇಕಿತ್ತು! ಚಪ್ಪಲಿ ಅಲ್ಲೇ ಉಳಿಯಿತು.

ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿರುವಾಗ ಮಾವ ಎದ್ದರು. ಎರಡನೆಯ ಶಾಲನ್ನು ಪಕ್ಕದ ಖಾಲಿ ಹಲಗೆಯ ಮೇಲೆ ಹಾಸಿ, ಅದರ ಮೇಲೆ ಹಾರವಿಟ್ಟರು. ಬುಡನ್ ಸಾಬರ ಮಗಳ ಕಡೆ ತಿರುಗಿದರು.

"ಇಷ್ಟು ವರ್ಷ ಸುಳ್ಳು ಹೇಳಿದೆನವ್ವ. ಮೊದಲು ಇಳಿದೋನು ನಾನಲ್ಲ. ನಾನು ಇದೇ ಮೆಟ್ಟಿಲ ಮ್ಯಾಲೆ ಗಡಗಡ ನಡುಗ್ತಾ ನಿಂತಿದ್ದೆ. ನಿಮ್ಮಪ್ಪ ತೇಲಿಹೋಗಿ, ದಂಡೆ ಹತ್ತಿ ತಿರುಗಿ ಬಂದು, 'ಏನೂ ಆಗಲ್ಲ ಬಾರೋ' ಅಂದ. ಆಮ್ಯಾಲೆ ನಾನು ಇಳದೆ."

ಆಕೆ ಹಲಗೆಯ ಮೇಲಿನ ಹಾರವನ್ನು ನೇರ ಮಾಡಿದಳು.

"ನಮ್ಮ ಅಬ್ಬಾ ಹಂಗೆ ಹೇಳ್ತಿರಲಿಲ್ಲ ಚಾಚಾ. ಕೊನೇತನಕ ನಮ್ಮ ಹತ್ರ ಒಂದೇ ಮಾತು: 'ಮೊದಲು ಇಳಿದೋನು ಅವನು. ಅವನನ್ನ ನೋಡಿ ನನಗೆ ಧೈರ್ಯ ಬಂತು' ಅಂತ."

ಭೂಗೋಳವನ್ನೇ ತಿರುಗಿಸಬಲ್ಲ ನಮ್ಮ ಮಾವ ಬಗ್ಗಿ, ತಮ್ಮ ಹಲಗೆಯನ್ನು ಬುಡನ್ ಸಾಬರ ಹಲಗೆಗಿಂತ ಒಂದು ಗೇಣು ಹಿಂದಕ್ಕೆ ಸರಿಸಿದರು. ಆಮೇಲೆ ಅದರ ಮೇಲೆ ಮತ್ತೆ ಬೋರಲಾಗಿ, ಶಾಲು ಎಳೆದು ಮುಖ ಮುಚ್ಚಿಕೊಂಡರು.